ತಿಳಿಯಲಿಲ್ಲ ಎನ್ನುವ ನೌಕರಿ

ಬಸ್ಸುಗಳು ನಿಂತುಹೋಗುವ ಮುಂಚಿನ ಶನಿವಾರ ನಮ್ಮ ರೂಮಿನಲ್ಲಿ ವಿಶೇಷವೇನೂ ನಡೆಯಲಿಲ್ಲ. ಖಾಜಾ ಸರ್ ಎಂದಿನಂತೆ ಗದ್ವಾಲದ ಬಸ್ಸಿನಿಂದ ಮಕ್ತಲ್‌ನಲ್ಲಿ ಇಳಿದು, ಶೇರ್ ಆಟೋದವನ ಜೊತೆ ಜಗಳವಾಡಿ, ಹುರಿದ ಶೇಂಗಾದ ಪೊಟ್ಟಣ ಹಿಡಿದುಕೊಂಡು ಹತ್ತೂವರೆಗೆ ಕಾಲೇಜಿಗೆ ಬಂದರು. ನಾನು ಬೋರ್ಡು ಒರೆಸಿ, ಚಹಾ ಸೋಸಿ ಇಟ್ಟಿದ್ದೆ. ಅವರು ಮೂಲೆಯ ಬೆಂಚಿನ ಮೇಲೆ ಕುಳಿತು ಶೇಂಗಾ ಸುಲಿಯಲು ಶುರುಮಾಡಿದರು. ಸಿಪ್ಪೆ ನೆಲಕ್ಕೆ ಹಾಕಬೇಡಿ ಎಂದು ನಾನು ಹೇಳಿದೆ. ಅವರು ನೆಲಕ್ಕೇ ಹಾಕಿದರು.

"ಮಲ್ಲಿ, ಏಳು. ನಿಮ್ಮ ಅಕ್ಕಗ ತಿಳಿಸಿ ಹೇಳು," ಎಂದರು.

ಮಲ್ಲೇಶ್ವರಿ ಮಾಗನೂರಿನ ಹುಡುಗಿ. ಎರಡನೇ ವರ್ಷದ ಇಂಜಿನಿಯರಿಂಗ್. ಮೊದಲ ವರ್ಷದ ಗಣಿತ ಇನ್ನೂ ಪಾಸಾಗಿರಲಿಲ್ಲ. ಗುರುವಾರ ಆ ಪರೀಕ್ಷೆ ಇತ್ತು. ಅವಳು ಬೋರ್ಡಿನ ಮುಂದೆ ನಿಂತು ನನ್ನ ಕಡೆ ತಿರುಗಿದಳು.

"ಅಕ್ಕಾ, ಕಪ್ಪಿನ್ಯಾಗ ಚಹಾ ಐತಿ ಅಂತ ತಿಳಕೋರಿ."

"ಐತಿ."

"ಭಾಳ ಬಿಸಿ ಇದ್ದಾಗ ಅದು ಲಗೂನ ಆರ್ತೈತಿ. ಅರ್ಧ ಆರಿದ ಮ್ಯಾಲ ಸಾವಕಾಶ ಆರ್ತೈತಿ. ರೂಮಿನಷ್ಟ ತಣ್ಣಗ ಆತಂದ್ರ ಆರೂದು ನಿಲ್ತೈತಿ."

"ಇಷ್ಟು ನನಗ ಹುಟ್ಟಿದಾಗಿಂದ ಗೊತ್ತೈತಿ."

"ಪ್ರಿನ್ಸಿಪಾಲರ ಚಹಾ ಬಿಟ್ಟು," ಎಂದರು ಸರ್. "ಅವರ ಮೀಟಿಂಗಿನ್ಯಾಗ ಆರೋ ಚಹಾಕ್ಕ ಇನ್ನೂ ಯಾರೂ ಫಾರ್ಮುಲಾ ಕಂಡುಹಿಡಿದಿಲ್ಲ."

ಹುಡುಗಿ ನಕ್ಕು, ಬೋರ್ಡಿನ ತುಂಬ ಲೆಕ್ಕ ಬಿಡಿಸಿದಳು. ಚಹಾ ಹತ್ತು ನಿಮಿಷಕ್ಕೆ ಇಷ್ಟು ಆರಿದರೆ ಇಪ್ಪತ್ತು ನಿಮಿಷಕ್ಕೆ ಎಷ್ಟು ಆರುತ್ತದೆ ಎನ್ನುವ ಲೆಕ್ಕ ಅದು. ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು ಕೇಳಿದಳು: "ತಿಳೀತೇನ್ರಿ ಅಕ್ಕಾ?"

ನಾನು ತಲೆಯಾಡಿಸಿದೆ. ಸರ್ ಬೋರ್ಡಿನ ಕಡೆ ನೋಡದೆ ನನ್ನ ಮುಖವನ್ನಷ್ಟೇ ನೋಡಿ, ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಟಿಕ್ ಹಾಕಿದರು. ಹೊರಡುವಾಗ, "ಸೋಮವಾರ ಇನ್ನೊಮ್ಮೆ ಹೇಳಿಸೂಣು," ಎಂದರು. ಸೋಮವಾರ ಬಸ್ಸು ಬರಲಿಲ್ಲ. ಪ್ರತ್ಯೇಕ ರಾಜ್ಯಕ್ಕಾಗಿ ಎಲ್ಲ ಕಡೆ ಮುಷ್ಕರ ಶುರುವಾಗಿ, ವಾರಗಟ್ಟಲೆ ಒಂದು ಬಸ್ಸೂ ಕದಲಲಿಲ್ಲ.

ನಾನು ಸಿದ್ದಮ್ಮ. ನಾರಾಯಣಪೇಟೆಯ ಮಗ್ಗದ ಮನೆಯವಳು. ಹತ್ತನೇ ತರಗತಿ ಕನ್ನಡ ಮೀಡಿಯಂನಲ್ಲಿ ಪಾಸು, ಗಣಿತದಲ್ಲಿ ಮೇಷ್ಟ್ರ ಕರುಣೆಯಿಂದ ಪಾಸು. ಮಕ್ತಲ್ ರಸ್ತೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಟೆಂಡರ್ ಆಗಿ ಸೇರಿ, ಅಲ್ಲೇ ನಿವೃತ್ತಳಾದೆ. ನಡುವೆ ಒಮ್ಮೆ ಬಡ್ತಿಯೂ ಬಂತು. ಸ್ಟೂಲಿನ ಬದಲು ಕುರ್ಚಿ ಕೊಟ್ಟರು. ಅದರ ಒಂದು ಕಾಲು ಗಿಡ್ಡ ಇತ್ತು.

ಕಾಲೇಜುಗಳಲ್ಲಿ ಹಿಂದುಳಿದ ಮಕ್ಕಳಿಗೆ ಓದಿನಲ್ಲಿ ಕೈಹಿಡಿಯುವ ಕೆಲಸಕ್ಕೆ ಈಗ ದೊಡ್ಡ ದೊಡ್ಡ ಓದು ಓದಿದವರು ಬರುತ್ತಿದ್ದಾರಂತೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರಿಗಾಗಿ ಮಾತ್ರ ಎಂದರೆ ಸುಳ್ಳಾಗುತ್ತದೆ. ಖಾಜಾ ಸರ್ ತೀರಿಕೊಂಡು ಕಳೆದ ಶ್ರಾವಣಕ್ಕೆ ವರ್ಷವಾಯಿತು. ಬರೆಯದೆ ಕುಳಿತರೆ ದಿನ ಹೋಗುವುದಿಲ್ಲ.

ನಮ್ಮ ರೂಮು ಜನರೇಟರ್ ಶೆಡ್ಡಿನ ಹಿಂದೆ ಇತ್ತು. ಮೊದಲು ಮುರಿದ ಬೆಂಚು ಒಟ್ಟುವ ಜಾಗ. ಫೇಲಾದ ಮಕ್ಕಳನ್ನೂ ಅಲ್ಲೇ ಕೂರಿಸಿದರು. ಕರೆಂಟು ಹೋದಾಗ ಜನರೇಟರ್ ಹತ್ತಿದರೆ ಪಾಠ ಕೇಳುತ್ತಿರಲಿಲ್ಲ, ಹತ್ತದಿದ್ದರೆ ಬೋರ್ಡು ಕಾಣುತ್ತಿರಲಿಲ್ಲ. ಎಲ್ಲರೂ ಅದನ್ನು ಬ್ಯಾಕ್‌ಲಾಗ್ ರೂಮು ಎನ್ನುತ್ತಿದ್ದರು. ಪಾಲಿಟೆಕ್ನಿಕ್‌ನಿಂದ ನಿವೃತ್ತರಾಗಿ ಬಂದ ಖಾಜಾ ಸರ್ ಅಲ್ಲಿ ಗಣಿತ ಹೇಳುತ್ತಿದ್ದರು. ತೆಲುಗಿನಲ್ಲಿ ಶುರುಮಾಡಿ, ಕನ್ನಡದಲ್ಲಿ ಬಿಡಿಸಿ, ಸಿಟ್ಟು ಬಂದಾಗ ದಖನಿ ಉರ್ದುವಿನಲ್ಲಿ ಬೈಯುತ್ತಿದ್ದರು. ಒಳ್ಳೆಯ ಮನುಷ್ಯ ಎಂದು ಬರೆಯಲು ನನಗೆ ಅಡ್ಡಿಯಿಲ್ಲ. ಆದರೆ ಕೇರಂನಲ್ಲಿ ಮೋಸ ಮಾಡುತ್ತಿದ್ದರು, ಶುಕ್ರವಾರ ನಮಾಜಿನಿಂದ ಬಂದ ಮೇಲೆ ಕುಳಿತಲ್ಲೇ ನಿದ್ದೆ ಹೊಡೆಯುತ್ತಿದ್ದರು, ಮತ್ತು ಗದ್ವಾಲದ ಸೀರೆಯ ಮುಂದೆ ನಾರಾಯಣಪೇಟೆಯದು ಟವೆಲ್ಲು ಎಂದು ನನ್ನ ಎದುರಿಗೇ ಹೇಳುತ್ತಿದ್ದರು.

ಮೊದಲ ವರ್ಷ ಅವರು ಗಂಟಲು ಹರಿಯುವಂತೆ ಪಾಠ ಹೇಳಿದರು. ಹುಡುಗರು ಪ್ರತಿ ಸಾಲಿಗೂ "ಯೆಸ್ ಸರ್" ಎಂದರು. ಪರೀಕ್ಷೆಯಲ್ಲಿ ಎಲ್ಲರೂ ಒಗ್ಗಟ್ಟಾಗಿ ಫೇಲಾದರು. ಸರ್ ಬೆಂಚಿನ ಮೇಲೆ ತಲೆಹಿಡಿದು ಕುಳಿತಿದ್ದಾಗ ನಾನು ಕಸ ಗುಡಿಸುತ್ತಿದ್ದೆ. ಬೋರ್ಡಿನ ಮೇಲೆ ಒಬ್ಬ ಹುಡುಗ ಬರೆದದ್ದು ಹಾಗೇ ಇತ್ತು. ಒರೆಸುವ ಮುಂಚೆ, ಅಲ್ಲೇ ಕುಳಿತಿದ್ದ ಅವನನ್ನು ಸುಮ್ಮನೆ ಕೇಳಿದೆ: "ತಮ್ಮಾ, ಇದರಾಗ ಏನು ಬರದಿ?"

ಅವನು ಬರೆದದ್ದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಓದಿದ. ಸರ್ ತಲೆಯೆತ್ತಿದರು.

"ಹೇಳಲೇ. ಸಿದ್ದಮ್ಮಗ ತಿಳಿಯಂಗ ಹೇಳು."

ಹುಡುಗ ಒಂದು ಗಂಟೆ ಒದ್ದಾಡಿದ. ನಡುವೆ ಎರಡು ಸಲ ಪುಸ್ತಕ ನೋಡಿ ಬಂದ, ಒಮ್ಮೆ ನೀರು ಕುಡಿದು ಬಂದ. ಕೊನೆಗೆ ನನಗೆ ತಿಳಿಯಿತೋ ಇಲ್ಲವೋ, ಅವನಿಗಂತೂ ತಿಳಿಯಿತು. ಮುಂದಿನ ಪರೀಕ್ಷೆಯಲ್ಲಿ ಪಾಸಾದ.

ಆ ದಿನದಿಂದ ನಮ್ಮ ರೂಮಿನ ಪದ್ಧತಿಯೇ ಬದಲಾಯಿತು. ಸರ್ ಪಾಠ ಹೇಳುವುದು ಕಡಿಮೆ ಮಾಡಿದರು. ಮಕ್ಕಳು ಲೆಕ್ಕವನ್ನು ನನಗೆ ತಿಳಿಸಿ ಹೇಳಬೇಕು. ತಿಳಿಯದಿದ್ದರೆ "ತಿಳೀಲಿಲ್ಲ" ಎನ್ನುವುದು ನನ್ನ ಕೆಲಸ. ಮೂಲೆಯಿಂದ ಸರ್ "ಇನ್ನೊಮ್ಮೆ" ಎನ್ನುವರು. ನಾನು ತಲೆಯಾಡಿಸಿದರೆ ರಿಜಿಸ್ಟರಿನಲ್ಲಿ ಟಿಕ್. ಇಂಗ್ಲಿಷ್ ಪದ ಬಳಸಬಹುದು, ಆದರೆ ಅದರ ಅರ್ಥವನ್ನೂ ಹೇಳಬೇಕು. ಈ ನಿಯಮ ಬಂದದ್ದು ಉಟ್ಕೂರಿನ ಒಬ್ಬ ಚಾಲಾಕು ಹುಡುಗನಿಂದ. ಅವನು ನ್ಯೂಸ್ ಓದುವವನ ಹಾಗೆ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಡಿದ. ನಾನು ಹೆದರಿ ತಲೆಯಾಡಿಸಿಬಿಟ್ಟೆ. ಆಮೇಲೆ ಸರ್ ಕೇಳಿದರೆ, ಅವನು ಹೇಳಿದ್ದು ಬೇರೆ ವಿಷಯದ ಲ್ಯಾಬ್ ರೆಕಾರ್ಡಿನ ಮುನ್ನುಡಿ.

"ಯಾಕ ತಲಿ ಆಡಿಸಿದಿ?" ಎಂದರು ಸರ್.

"ಅಷ್ಟು ಚೆಂದ ಹೇಳಿದ್ನಲ್ರಿ."

"ಪ್ರಿನ್ಸಿಪಾಲರೂ ಚೆಂದ ಹೇಳ್ತಾರ. ಅವರಿಗೂ ಆಡಿಸ್ತಿಯೇನು?"

ಆಡಿಸುತ್ತಿದ್ದೆ. ಸಂಬಳ ಕೊಡುವವರಿಗೆ ಆಡಿಸಲೇಬೇಕು.

ಒಮ್ಮೆ ಹೈದರಾಬಾದಿನಿಂದ ತಪಾಸಣೆಯ ತಂಡ ಬಂತು. ಹಿಂದಿನ ದಿನ ನಮ್ಮ ರೂಮಿಗೆ ಸುಣ್ಣ ಬಳಿದು, ಪ್ರಿನ್ಸಿಪಾಲರ ಕೊಠಡಿಯಿಂದ ಎರಡು ಹೂವಿನ ಕುಂಡ ತಂದಿಟ್ಟರು. ತಂಡದ ಹಿರಿಯರು ನನ್ನನ್ನು ತೆಲುಗಿನಲ್ಲಿ ಕೇಳಿದರು, ಅಮ್ಮಾ ಇಲ್ಲಿ ನಿಮ್ಮ ಕೆಲಸವೇನು ಎಂದು. ಅರ್ಥವಾಗದಿರುವುದು ಸರ್, ಎಂದೆ. ಪ್ರಿನ್ಸಿಪಾಲರ ಮುಖ ಸುಣ್ಣದ ಗೋಡೆಯಂತಾಯಿತು. ಹಿರಿಯರು ಏನೋ ಬರೆದುಕೊಂಡರು. ಏನು ಬರೆದುಕೊಂಡರೋ ಇವತ್ತಿಗೂ ಗೊತ್ತಿಲ್ಲ. ಕುಂಡಗಳು ಮಾತ್ರ ಸಂಜೆಯೇ ವಾಪಸು ಹೋದವು.

ಇನ್ನು ಮುಷ್ಕರದ ವಿಷಯಕ್ಕೆ ಬರುತ್ತೇನೆ. ರಾಜ್ಯ ಬೇಕು ಎಂದು ಎಲ್ಲರಂತೆ ನಾವೂ ಕೂಗಿದೆವು. ಹುಡುಗರು ಹೆಚ್ಚು ಜೋರಾಗಿ ಕೂಗಿದರು, ಏಕೆಂದರೆ ಕೂಗಿದಷ್ಟೂ ಪರೀಕ್ಷೆ ಮುಂದಕ್ಕೆ ಹೋಗುತ್ತಿತ್ತು. ಗುರುವಾರದ ಪರೀಕ್ಷೆಯೂ ಹೋಯಿತು. ಸರ್ ಗದ್ವಾಲದಲ್ಲಿ ಸಿಕ್ಕಿಬಿದ್ದರು, ಮಲ್ಲೇಶ್ವರಿ ಮಾಗನೂರಿನಲ್ಲಿ. ಸರ್ ಒಂದು ಸಲ ಮಾತ್ರ ಹಾಲಿನ ವ್ಯಾನು ಹತ್ತಿ ಮಕ್ತಲ್‌ಗೆ ಬಂದರು. ಕಾಲೇಜಿಗೆ ಬೀಗ ಬಿದ್ದಿದ್ದರಿಂದ ಊರಲ್ಲೇ ಇದ್ದ ನಾಲ್ಕು ಹುಡುಗರನ್ನು ಖಾಲಿ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿದರು. ರಾಯಚೂರು ಬಸ್ಸು ನಿಲ್ಲುವ ಪ್ಲಾಟ್‌ಫಾರ್ಮಿನಲ್ಲಿ ಎರಡು ಎಮ್ಮೆ ಮಲಗಿದ್ದವು. "ಇವೂ ಯೆಸ್ ಸರ್ ಅನ್ನಂಗ ಕಾಣ್ತಾವ," ಎಂದರು.

ಬಸ್ಸು ಶುರುವಾದ ಮೂರನೇ ದಿನಕ್ಕೇ ಪರೀಕ್ಷೆ ಇಟ್ಟರು. ಮಲ್ಲೇಶ್ವರಿ ಬರೆದು ಬಂದಳು. ಫಲಿತಾಂಶ ಬಂದ ದಿನ ಅವಳು ನಮ್ಮ ರೂಮಿನ ಬಾಗಿಲಲ್ಲಿ ನಿಂತು, "ಹೋತ್ರಿ ಅಕ್ಕಾ," ಎಂದಳು.

ಅವಳಿಗೆ ಉಳಿದದ್ದು ಒಂದೇ ಅವಕಾಶ, ಸಪ್ಲಿಮೆಂಟರಿ ಪರೀಕ್ಷೆ. ಅದೂ ಹೋದರೆ ಮೂರನೇ ವರ್ಷಕ್ಕೆ ಬಿಡುವುದಿಲ್ಲ, ಒಂದು ವರ್ಷ ಮನೆಯಲ್ಲಿ ಕೂರಬೇಕು. ಅವಳ ಮನೆಯಲ್ಲಿ ಕೂರುವ ಪದ್ಧತಿಯೇ ಇರಲಿಲ್ಲ. ಅಪ್ಪ ಅವ್ವ ಬೊಂಬಾಯಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಊರಲ್ಲಿ ಅಜ್ಜಿ ಒಬ್ಬಳೇ. ಅಪ್ಪ ಫೋನಿನಲ್ಲಿ ಹೇಳಿದ್ದನಂತೆ: "ವರ್ಷ ಖಾಲಿ ಆತಂದ್ರ ಇಲ್ಲಿಗೆ ಬಂದುಬಿಡವ್ವ. ಎರಡು ಕೈ ಹೆಚ್ಚಿಗಿ ಆಗ್ತಾವ." ಅವನು ಕೆಟ್ಟವನಲ್ಲ. ಆದರೆ ಹಾಗೆ ಒಂದು ವರ್ಷಕ್ಕೆಂದು ಹೋದ ನಮ್ಮ ಮಕ್ಕಳು ಯಾರೂ ತಿರುಗಿ ಕಾಲೇಜಿಗೆ ಬಂದದ್ದನ್ನು ನಾನು ನೋಡಿಲ್ಲ.

ಉತ್ತರ ಪತ್ರಿಕೆಯಲ್ಲಿ ಏನು ಬರೆದೆ ಎಂದು ಸರ್ ಅವಳಿಂದ ಬೋರ್ಡಿನ ಮೇಲೆ ಬರೆಸಿದರು. ಅದೇ ಚಹಾದ ಲೆಕ್ಕ ಬಂದಿತ್ತು. ಅವಳು ಬರೆದದ್ದರಲ್ಲಿ 'ಸಿ' ಇರಲಿಲ್ಲ. ಈ ಸಿ ಎನ್ನುವುದು ಲೆಕ್ಕದ ನಡುವೆ ಸೇರಿಸಲೇಬೇಕಾದ ಒಂದು ಸ್ಥಿರ ಸಂಖ್ಯೆ. ಅದನ್ನು ಬಿಟ್ಟರೆ ಮುಂದಿನ ಸಾಲುಗಳೆಲ್ಲ ತಪ್ಪು.

"ಶನಿವಾರವೂ ಹಿಂಗ ಬರದಿದ್ದಿಯೇನು?" ಸರ್ ಕೇಳಿದರು.

"ಹೂನ್ರಿ. ಅಕ್ಕ ತಲಿ ಆಡಿಸಿದ್ರು. ಸರಿ ಐತಿ ಅಂದುಕೊಂಡೆ."

ಅವಳು ಹೋದ ಮೇಲೆ ನಾನು ಬಾಗಿಲ ಬಳಿಯೇ ನಿಂತಿದ್ದೆ. ಸರ್ ಶೇಂಗಾ ತಿನ್ನುತ್ತಿರಲಿಲ್ಲ.

"ಸರ್, ಅವತ್ತು ಆಕಿ ಸಿ ಬಿಟ್ಟಿದ್ದು ನನಗ ಗೊತ್ತಾಗಲಿಲ್ರಿ."

"ಗೊತ್ತಾಗದಿದ್ರ ತಿಳೀಲಿಲ್ಲ ಅನ್ನಬೇಕಿತ್ತಲ್ಲ."

"ತಿಳಿದಿತ್ರಿ. ಅದ ತಪ್ಪಾತು. ಈ ಲೆಕ್ಕ ನಾ ಎಷ್ಟು ಸಲ ಕೇಳೀನಿ! ಆಕಿ ಬಿಟ್ಟಿದ್ದನ್ನ ನನ್ನ ತಲ್ಯಾಗ ನಾನ ತುಂಬಿಕೊಂಡು ಬಿಟ್ಟೆ."

ಸರ್ ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ತಟ್ಟನೆ ನಿಲ್ಲಿಸಿದರು.

"ಅರೆ ಸಿದ್ದಮ್ಮಾ, ನಿನ್ನ ನೌಕರಿ ಹೋತಲ್ಲ! ನೀ ಕಲತುಬಿಟ್ಟಿ!"

ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಡಲಿ. ನಾನು ಮೂವತ್ತು ವರ್ಷದ ನೌಕರಿಯಲ್ಲಿ ಕಪ್ಪು ಒಡೆದಿದ್ದೇನೆ, ಪ್ರಶ್ನೆಪತ್ರಿಕೆಯ ಕಟ್ಟು ಮಳೆಗೆ ನೆನೆಸಿದ್ದೇನೆ, ಒಮ್ಮೆ ಪ್ರಿನ್ಸಿಪಾಲರನ್ನೇ ಒಳಗಿಟ್ಟು ಬೀಗ ಹಾಕಿ ಮನೆಗೆ ಹೋಗಿದ್ದೇನೆ. ಅವು ಯಾವುವೂ ತಪ್ಪಲ್ಲ. ತಿಳಿದವಳಾಗಿ ಕುಳಿತು ಮಗುವಿನ ಬಾಯಿಂದ ಬರಬೇಕಾದದ್ದನ್ನು, ಅದು ಬಾರದೆಯೇ, ನಾನೇ ತುಂಬಿಕೊಂಡದ್ದು ತಪ್ಪು.

ಸಪ್ಲಿಮೆಂಟರಿಗೆ ಎರಡು ವಾರ ಇತ್ತು. ಏನೂ ಗೊತ್ತಿಲ್ಲದ ಹೊಸ ಮನುಷ್ಯ ಬೇಕಾಗಿತ್ತು. ವಾಚ್‌ಮನ್ ಅಂಜಯ್ಯನನ್ನು ಕೂರಿಸಿದೆವು. ಅವನು ಮಲ್ಲೇಶ್ವರಿ ಬಾಯಿ ತೆರೆಯುವ ಮುಂಚೆಯೇ ತಲೆಯಾಡಿಸಿದ. ಲೈಬ್ರರಿಯವರು, ಇದು ನಮ್ಮ ಕೆಲಸವಲ್ಲ ಎಂದರು. ಪ್ರಿನ್ಸಿಪಾಲರನ್ನು ಕೇಳೋಣವೇ ಎಂದೆ.

"ಅವರಿಗೆ ಲೆಕ್ಕ ಬರೂದಿಲ್ಲ, ಅದು ಖರೆ," ಎಂದರು ಸರ್. "ಆದ್ರ ತಿಳೀಲಿಲ್ಲ ಅನ್ನಾಕೂ ಬರೂದಿಲ್ಲ."

ಆಗ ಮಲ್ಲೇಶ್ವರಿಯೇ ಮೆಲ್ಲಗೆ ಹೇಳಿದಳು: "ನಮ್ಮ ಅಜ್ಜಿ ಇದಾಳ್ರಿ. ಆಕಿ ಯಾರು ಏನು ಹೇಳಿದ್ರೂ ಒಪ್ಪಂಗಿಲ್ಲ."

ಭಾನುವಾರ ನಾವು ಮೂವರೂ ಮಾಗನೂರಿಗೆ ಹೋದೆವು. ಅಜ್ಜಿ ತಿಮ್ಮವ್ವ ಒಲೆಯ ಮೇಲೆ ಅಂಬಲಿ ಕುದಿಸುತ್ತಿದ್ದಳು. ಗಿಡ್ಡ ದೇಹ, ದೊಡ್ಡ ದನಿ. ಮೇಷ್ಟ್ರು ಮನೆಗೆ ಬಂದದ್ದು ನೋಡಿ ಗಾಬರಿಯಾದಳು.

"ಏನ್ರೀ, ನನ್ನ ಮೊಮ್ಮಗಳು ಏನು ಮಾಡ್ಯಾಳ?"

"ಏನೂ ಇಲ್ಲ ಅಜ್ಜಿ. ನಿಮಗ ಒಂದು ಲೆಕ್ಕ ಹೇಳ್ತಾಳ."

"ನನಗ್ಯಾಕ? ಪರೀಕ್ಷಾ ನಾ ಬರಿಯಾಕ ಹೊಂಟೀನೇನು?"

ಅಷ್ಟು ಹೇಳಿದರೂ ಗಡಿಗೆ ಇಳಿಸಿ, ಮಣೆ ಎಳೆದುಕೊಂಡು ಕುಳಿತಳು. ಮಲ್ಲೇಶ್ವರಿ ಚಹಾ ಬಿಟ್ಟು ಅಂಬಲಿಯನ್ನೇ ಹಿಡಿದಳು. ಬಿಸಿ ಇದ್ದಾಗ ಲಗೂನೆ ಆರುತ್ತದೆ ಎಂದಳು. ಹತ್ತು ನಿಮಿಷಕ್ಕೆ ಇಷ್ಟು ಆರಿದೆ, ಇಪ್ಪತ್ತು ನಿಮಿಷಕ್ಕೆ ಎಷ್ಟು ಆರಿರುತ್ತದೆ ಎಂದಳು.

"ಇಳಿಸಿದಾಗ ಎಷ್ಟು ಬಿಸಿ ಇತ್ತು?" ಎಂದಳು ಅಜ್ಜಿ.

"ಅದು ಬ್ಯಾಡಜ್ಜಿ. ಮುಂದ ಕೇಳು."

"ಹೆಂಗ ಬ್ಯಾಡ? ಕುದಿಯೋದು ಇಳಿಸಿದ್ಯೋ, ಬೆಚ್ಚಗಿಂದು ಇಳಿಸಿದ್ಯೋ? ಮೊದಲ ಎಷ್ಟಿತ್ತು ಅಂತ ಹೇಳದ ಈಗ ಎಷ್ಟು ಆರೈತಿ ಅಂತ ನಾ ಹೆಂಗ ಹೇಳ್ಲಿ? ಕಾಲೇಜಿನ್ಯಾಗ ಇದನ್ನ ಕಲಿಸ್ತಾರೇನು?"

ಮಂಚದ ಮೇಲೆ ಕುಳಿತಿದ್ದ ಸರ್ ಎದ್ದು ನಿಂತರು.

"ಅಜ್ಜಿ, ಅದಕ್ಕ ನಾವು ಸಿ ಅಂತೀವಿ."

"ಏನರ ಅನ್ರಿ. ಅದು ಬೇಕು."

ಹುಡುಗಿ ಒಲೆಯ ಬದಿಯಿಂದ ಆರಿದ ಒಂದು ಇದ್ದಿಲು ತೆಗೆದು, ಅಡುಗೆಮನೆಯ ಗೋಡೆಯ ಮೇಲೆ ಮೊದಲಿನಿಂದ ಲೆಕ್ಕ ಬರೆದಳು. ಈ ಸಲ ಸಿ ಬಂತು. ಎರಡು ಆಳೆತ್ತರ ಬಂತು ಎಂದರೂ ಸುಳ್ಳಲ್ಲ. ಸಿ ಎಂದರೆ ಇಳಿಸಿದಾಗ ಅಂಬಲಿ ರೂಮಿಗಿಂತ ಎಷ್ಟು ಹೆಚ್ಚು ಬಿಸಿ ಇತ್ತೋ ಅಷ್ಟು ಎಂದು ಅವಳು ಅಜ್ಜಿಗೆ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿಯೇ ಬದಲಾಯಿತು. ಅಜ್ಜಿ ಮೂರು ಸಲ ಹೇಳಿಸಿದಳು. ತಲೆ ಮಾತ್ರ ಆಡಿಸಲಿಲ್ಲ.

"ಗ್ವಾಡಿ ಹೊಲಸು ಮಾಡಿದಿ," ಎಂದಳು ಕೊನೆಗೆ. "ಅಂಬಲಿ ಕುಡೀರಿ ಎಲ್ಲಾರೂ. ನಿಮ್ಮ ಲೆಕ್ಕದಾಗ ಅದು ಆರಿ ಹೋಗೈತಿ."

ವಾಪಸು ಬರುವಾಗ ಆಟೋ ಮಕ್ತಲ್ ಹತ್ತಿರ ಬಂದಾಗ ಸರ್ ಹೇಳಿದರು: "ಸಿದ್ದಮ್ಮಾ, ನಿನ್ನ ನೌಕರಿ ಉಳಿಬೇಕಂದ್ರ ಒಂದು ಕೆಲಸ ಮಾಡು. ತಿಳಿದ ಮ್ಯಾಲೂ ತಿಳೀಲಿಲ್ಲ ಅನ್ನಾಕ ಕಲಿ."

"ಸುಳ್ಳು ಹೇಳಂದ್ರೇನ್ರಿ?"

"ಸುಳ್ಳಲ್ಲ. ಮಕ್ಕಳ ಬಾಯಿಂದ ಕೇಳೂತನಕ ನಿನಗ ತಿಳಿದಂಗಲ್ಲ. ಅಷ್ಟ."

ಮಲ್ಲೇಶ್ವರಿ ಪಾಸಾದಳು. ಬೊಂಬಾಯಿಗೆ ಹೋಗಲಿಲ್ಲ. ಈಗ ಕರೆಂಟಿನ ಇಲಾಖೆಯಲ್ಲಿ ಇಂಜಿನಿಯರ್. ನಮ್ಮ ಓಣಿಯಲ್ಲಿ ಕರೆಂಟು ಹೋದರೆ ನಾನು ಅವಳಿಗೇ ಫೋನು ಮಾಡಿ ಬೈಯುತ್ತೇನೆ.

ಆಮೇಲೆ ರಾಜ್ಯ ಬಂತು. ಪೇಡೆ ಹಂಚಿದೆವು, ಕುಣಿದೆವು. ಸರ್ ಕುಣಿಯಲು ಹೋಗಿ ಮೊಣಕಾಲು ಹಿಡಿದುಕೊಂಡರು. ಕಾಲೇಜಿನ ಬೋರ್ಡಿನಲ್ಲಿ ರಾಜ್ಯದ ಹೆಸರು ಬದಲಾಯಿತು. ಅದೇ ಹುರುಪಿನಲ್ಲಿ ನಮ್ಮ ರೂಮಿನ ಹೆಸರನ್ನೂ ಬದಲಾಯಿಸಿದರು. ಮೊದಲು ಸ್ಟೂಡೆಂಟ್ ಸಪೋರ್ಟ್ ಸೆಲ್ ಆಯಿತು, ಎರಡು ವರ್ಷ ಬಿಟ್ಟು ಅಕಾಡೆಮಿಕ್ ಎಕ್ಸಲೆನ್ಸ್ ಸೆಂಟರ್ ಆಯಿತು. ಜನರೇಟರ್ ಅದೇ ಇತ್ತು. ಹೊಸ ನಿಯಮದಂತೆ ಡಾಕ್ಟರೇಟ್ ಇರುವವರೇ ಬೇಕು ಎಂದು ಸರ್‌ಗೆ ಒಂದು ಶಾಲು ಹೊದಿಸಿ ಕಳಿಸಿದರು. ಗದ್ವಾಲದವರಿಗೆ ಪಾಲಿಸ್ಟರ್ ಶಾಲು. ಅವರಿಗೆ ಕೆಲಸ ಹೋದದ್ದಕ್ಕಿಂತ ಅದೇ ಹೆಚ್ಚು ನೋವಾಯಿತು. ಅವರ ಜಾಗಕ್ಕೆ ಹತ್ತು ಕಂಪ್ಯೂಟರ್ ಬಂದವು. ಅವುಗಳಲ್ಲಿ ಯಾರೋ ಗಣಿತ ಹೇಳುತ್ತಿದ್ದರು, ಹುಡುಗರು ಹೆಡ್‌ಫೋನು ಹಾಕಿಕೊಂಡು ತಲೆಯಾಡಿಸುತ್ತಿದ್ದರು. ಕಂಪ್ಯೂಟರನ್ನು ದೂರುವುದಿಲ್ಲ. ಪಾಠ ಚೆನ್ನಾಗಿಯೇ ಹೇಳುತ್ತದೆ. ನಾನು ಆಗಾಗ ಹೋಗಿ ಒಬ್ಬನ ಹೆಡ್‌ಫೋನು ತೆಗೆದು, "ತಮ್ಮಾ, ಏನು ಹೇಳಿದ ಅವಾ?" ಎಂದು ಕೇಳುತ್ತಿದ್ದೆ. ಅದಕ್ಕೆ ನನಗೆ ಒಂದು ಮೆಮೊ ಕೊಟ್ಟರು.

ನಾನು ನಿವೃತ್ತಳಾದ ಮೇಲೆ ಸರ್ ಪ್ರತಿ ಭಾನುವಾರ ಫೋನು ಮಾಡಿ ಒಂದು ಲೆಕ್ಕ ಕೊಡುತ್ತಿದ್ದರು. ಬಿಡಿಸಿ ಮುಂದಿನ ಭಾನುವಾರ ಹೇಳಬೇಕು. "ಟವೆಲ್ಲಿನ ಊರಿನವರಿಗೆ ಇದು ಕಷ್ಟ" ಎಂದು ಕೆಣಕುತ್ತಿದ್ದರು. ಕೊನೆಯ ಭಾನುವಾರ ಕೊಟ್ಟ ಲೆಕ್ಕ ನನಗೆ ನಿಜಕ್ಕೂ ತಿಳಿಯಲಿಲ್ಲ. ತಿಳೀಲಿಲ್ರಿ ಎಂದೆ. ಅವರಿಗೆ ಕೆಮ್ಮು ಬರುತ್ತಿತ್ತು. ಮುಂದಿನ ವಾರ ಹೇಳುತ್ತೇನೆ ಎಂದರು. ಬುಧವಾರ ಅವರ ಮಗ ಫೋನು ಮಾಡಿದ.

ಹೋದ ತಿಂಗಳು ಮಲ್ಲೇಶ್ವರಿ ಮನೆಗೆ ಬಂದಿದ್ದಳು. ಭಾನುವಾರದ ಲೆಕ್ಕ ಬರೆದಿಡುತ್ತಿದ್ದ ವಹಿ ತೆಗೆದು ಆ ಕೊನೆಯ ಲೆಕ್ಕ ತೋರಿಸಿದೆ. ಅವಳು ನನ್ನ ಎದುರು ಕುಳಿತು ಸಾಲು ಸಾಲಾಗಿ ಬಿಡಿಸಿ ಹೇಳಿದಳು. ಮೊದಲ ಸಲವೇ ನನಗೆ ತಿಳಿಯಿತು.

"ತಿಳೀತೇನ್ರಿ ಅಕ್ಕಾ?"

"ತಿಳೀಲಿಲ್ಲ," ಎಂದೆ.

ಅವಳು ನನ್ನ ಮುಖ ನೋಡಿದಳು. ಏನೂ ಕೇಳದೆ ಎರಡನೇ ಸಲ ಹೇಳಿದಳು, ಮೂರನೇ ಸಲವೂ ಹೇಳಿದಳು. ಎಲ್ಲಿಯೂ ಏನೂ ಬಿಡಲಿಲ್ಲ. ಲೆಕ್ಕದಲ್ಲಿ ಈಗ ಯಾವ ಕೊರತೆಯೂ ಇಲ್ಲ. ಮೂಲೆಯಿಂದ "ಇನ್ನೊಮ್ಮೆ" ಎನ್ನುವ ಖಾಜಾ ಸರ್ ಇಲ್ಲ.